ವಿ.ಕೆ.ಆರ್.ವಿ. ರಾವ್

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ (8 ಜುಲೈ 1908 – 25 ಜುಲೈ 1991) ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯ ಕ್ರಮದಲ್ಲಿ ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞ, ಮೂರು ಪ್ರಮುಖ ಸಂಶೋಧನಾ ಸಂಸ್ಥೆಗಳ ಸ್ಥಾಪಕ, ಬಳ್ಳಾರಿ ಕ್ಷೇತ್ರದಿಂದ ಎರಡು ಬಾರಿ ಗೆದ್ದ ಲೋಕಸಭಾ ಸದಸ್ಯ ಮತ್ತು ಕೇಂದ್ರ ಸಚಿವ. ಸಾರ್ವಜನಿಕ ಜೀವನದಲ್ಲಿ ವಿ.ಕೆ.ಆರ್.ವಿ. ರಾವ್ ಎಂಬ ಹೆಸರೇ ರೂಢಿಯಲ್ಲಿತ್ತು. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್, ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಮತ್ತು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಅವರು ಕಟ್ಟಿದವು. ಕಾಲೇಜು ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ರಾಷ್ಟ್ರೀಯ ಸೇವಾ ಯೋಜನೆ ಅವರು ಶಿಕ್ಷಣ ಸಚಿವರಾಗಿದ್ದಾಗ ಆರಂಭವಾಯಿತು. 1974ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂತು.

ಹುಟ್ಟು ಮತ್ತು ವಿದ್ಯಾಭ್ಯಾಸ

ರಾವ್ ಹುಟ್ಟಿದ್ದು ಆಗಿನ ಮದರಾಸು ಪ್ರಾಂತ್ಯದ ಕಾಂಚೀಪುರದಲ್ಲಿ. ಉನ್ನತ ವ್ಯಾಸಂಗಕ್ಕೆ ಮುಂಬಯಿಗೆ ಹೋಗಿ ವಿಲ್ಸನ್ ಕಾಲೇಜು ಸೇರಿದರು. ಮುಂಬಯಿ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದಲ್ಲಿ ಬಿ.ಎ. ಮತ್ತು ಎಂ.ಎ. ಪದವಿಗಳನ್ನು ಪಡೆದರು. ಭಾರತದ ಆದಾಯ ತೆರಿಗೆಯನ್ನು ಕುರಿತ ಅವರ ಗ್ರಂಥ 1931ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಇನ್ನೂ 23 ದಾಟಿರಲಿಲ್ಲ.

ಅಲ್ಲಿಂದ ಮುಂದೆ ಅವರು ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜನ್ನು ಸೇರಿದರು. 1930ರ ದಶಕದ ಕೇಂಬ್ರಿಜ್ ಅರ್ಥಶಾಸ್ತ್ರದ ಮಟ್ಟಿಗೆ ಜಗತ್ತಿನ ಅತ್ಯಂತ ಬಿರುಸಿನ ಚರ್ಚೆಯ ತಾಣವಾಗಿತ್ತು. ಮಹಾ ಆರ್ಥಿಕ ಕುಸಿತದ ನಡುವೆ ಜಾನ್ ಮೇನಾರ್ಡ್ ಕೇನ್ಸ್ ತಮ್ಮ ಹೊಸ ಸಿದ್ಧಾಂತವನ್ನು ರೂಪಿಸುತ್ತಿದ್ದರು. ಬ್ರಿಟನ್ನಿನ ರಾಷ್ಟ್ರೀಯ ಆದಾಯವನ್ನು ಅಳೆಯುವ ಕೆಲಸದಲ್ಲಿ ಹೆಸರಾದ ಕಾಲಿನ್ ಕ್ಲಾರ್ಕ್ ಕೂಡ ಅಲ್ಲೇ ಇದ್ದರು. ರಾವ್ ಈ ವಾತಾವರಣದಲ್ಲಿ ಸಂಶೋಧನೆ ನಡೆಸಿ, ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಕುರಿತ ಪ್ರಬಂಧಕ್ಕೆ 1937ರಲ್ಲಿ ಡಾಕ್ಟರೇಟ್ ಪಡೆದರು. ಕೇನ್ಸ್ ಅವರ ಚಿಂತನೆಯನ್ನು ಅದು ಹುಟ್ಟಿದ ಜಾಗದಲ್ಲೇ ಕಲಿತವರು, ಮುಂದೆ ಅದರ ಮಿತಿಯನ್ನು ಭಾರತದ ನೆಲದಿಂದ ತೋರಿಸಿಕೊಟ್ಟವರು ರಾವ್. ಅವರ ವಿದ್ವತ್ತಿನ ಮುಖ್ಯ ಎಳೆ ಇದೇ.

ಭಾರತಕ್ಕೆ ಮರಳಿದ ಮೇಲೆ ಅವರು ಅಹಮದಾಬಾದಿನ ಎಲ್.ಡಿ. ಆರ್ಟ್ಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, ಬಂಗಾಳದ ಕ್ಷಾಮ ದೇಶವನ್ನು ಕಂಗೆಡಿಸಿದ ನಂತರ, ಭಾರತ ಸರಕಾರದ ಆಹಾರ ಇಲಾಖೆಯಲ್ಲಿ ಅಂಕಿಅಂಶಗಳ ನಿರ್ದೇಶಕರಾಗಿ ಕೆಲಸ ಮಾಡಿದರು. ಅನಂತರ ವಾಷಿಂಗ್ಟನ್ನಿನಲ್ಲಿ ಭಾರತದ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿದ್ದರು.

ರಾಷ್ಟ್ರೀಯ ಆದಾಯದ ಅಂದಾಜು

ಒಂದು ದೇಶದ ಜನ ಒಂದು ವರ್ಷದಲ್ಲಿ ಉತ್ಪಾದಿಸಿದ ಸರಕು ಮತ್ತು ಸೇವೆಗಳ ನಿವ್ವಳ ಮೌಲ್ಯವೇ ರಾಷ್ಟ್ರೀಯ ಆದಾಯ. ಅದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಇದು ಕೇವಲ ವಿದ್ವಾಂಸರ ಲೆಕ್ಕವಾಗಿರಲಿಲ್ಲ. ಪರಕೀಯ ಆಡಳಿತ ಭಾರತವನ್ನು ಬಡವಾಗಿಸಿತೇ ಎಂಬ ರಾಜಕೀಯ ವಾದದ ಕೇಂದ್ರವೇ ಅದಾಗಿತ್ತು. ದಾದಾಭಾಯಿ ನವರೋಜಿಯವರು 1867–68ಕ್ಕೆ ತಲಾ 20 ರೂಪಾಯಿ ಎಂದು ಅಂದಾಜಿಸಿದ್ದರು. ಕ್ರೋಮರ್ ಮತ್ತು ಬಾರ್ಬರ್ ಎಂಬ ಅಧಿಕಾರಿಗಳು 1882ರಲ್ಲಿ 27 ರೂಪಾಯಿ ಎಂದರು. ವೈಸರಾಯ್ ಕರ್ಜನ್ 30 ರೂಪಾಯಿ ಎಂದರು. ಆಡಳಿತದ ಪರವಾದವರು ಕೊಡುವ ಅಂಕಿ ಏರುತ್ತಿತ್ತು, ಟೀಕಾಕಾರರು ಕೊಡುವ ಅಂಕಿ ಇಳಿಯುತ್ತಿತ್ತು. ಲೆಕ್ಕದ ವಿಧಾನವೇ ಗಟ್ಟಿಯಾಗಿರದಿದ್ದುದರಿಂದ ವಾದ ಬಗೆಹರಿಯುವಂತಿರಲಿಲ್ಲ. ಆರಂಭದ ಅಂದಾಜುಗಳಲ್ಲಿ ಬೆಳೆಯ ಮೌಲ್ಯವನ್ನು ಹೇಗೋ ಹಿಡಿದು, ಉಳಿದ ವೃತ್ತಿಗಳಿಗೆ ಒಂದು ಊಹೆಯ ಪಾಲನ್ನು ಸೇರಿಸುವುದೇ ಸಾಮಾನ್ಯ ಕ್ರಮವಾಗಿತ್ತು.

ರಾವ್ ಈ ಕ್ರಮವನ್ನು ಬದಲಿಸಿದರು. ಅರ್ಥವ್ಯವಸ್ಥೆಯನ್ನು ಅವರು ಎರಡು ಭಾಗಗಳಾಗಿ ನೋಡಿದರು. ಬೇಸಾಯ, ಪಶುಪಾಲನೆ, ಅರಣ್ಯ, ಮೀನುಗಾರಿಕೆ, ಗಣಿಯಂಥ ಕ್ಷೇತ್ರಗಳಲ್ಲಿ ಉತ್ಪನ್ನವನ್ನು ಎಣಿಸುವುದು ಸಾಧ್ಯವಿತ್ತು. ಅಲ್ಲಿ ಒಟ್ಟು ಉತ್ಪನ್ನದ ಬೆಲೆಯಿಂದ ಬೀಜ, ಗೊಬ್ಬರ, ಕಚ್ಚಾ ಸಾಮಗ್ರಿ ಮೊದಲಾದವುಗಳ ವೆಚ್ಚವನ್ನು ಕಳೆದು ನಿವ್ವಳ ಮೌಲ್ಯವನ್ನು ತೆಗೆದರು. ಇದು ಉತ್ಪನ್ನ ವಿಧಾನ. ವ್ಯಾಪಾರ, ಸಾರಿಗೆ, ಸರಕಾರಿ ನೌಕರಿ, ಇತರ ವೃತ್ತಿಗಳು, ಮನೆಗೆಲಸ ಇವುಗಳಲ್ಲಿ ತೂಗಿ ಅಳೆಯಲು ಉತ್ಪನ್ನವೇ ಇಲ್ಲ. ಅಲ್ಲಿ 1931ರ ಜನಗಣತಿ ಕೊಟ್ಟ ವೃತ್ತಿವಾರು ಸಂಖ್ಯೆಯನ್ನು ಆಧಾರವಾಗಿಟ್ಟು, ಪ್ರತಿ ವೃತ್ತಿಯ ಸರಾಸರಿ ಗಳಿಕೆಯಿಂದ ಗುಣಿಸಿದರು. ಇದು ಆದಾಯ ವಿಧಾನ. ಎರಡನ್ನೂ ಜೋಡಿಸುವಾಗ ಒಂದೇ ಮೊತ್ತ ಎರಡು ಕಡೆ ಸೇರದಂತೆ ನೋಡಿಕೊಳ್ಳುವುದು ಈ ಕೆಲಸದ ಸೂಕ್ಷ್ಮ. 1931–32ನ್ನು ಅವರು ಆಯ್ದುಕೊಂಡದ್ದಕ್ಕೂ ಜನಗಣತಿಯ ಸಾಮಗ್ರಿ ಒದಗಿದ್ದೇ ಮುಖ್ಯ ಕಾರಣ.

ಅವರ ಲೆಕ್ಕದಂತೆ 1931–32ರಲ್ಲಿ ಬ್ರಿಟಿಷ್ ಭಾರತದ ತಲಾ ಆದಾಯ ಸುಮಾರು 62 ರೂಪಾಯಿ. ಅದಕ್ಕೂ ಮೊದಲಿನ 1925–29ರ ಅವಧಿಗೆ ಅವರು ಕೊಟ್ಟ ಅಂದಾಜು ಇದಕ್ಕಿಂತ ಹೆಚ್ಚಾಗಿತ್ತು. ಆದರೆ ಈ ಇಳಿತವನ್ನು ಉತ್ಪಾದನೆ ಅಷ್ಟೇ ಕುಸಿಯಿತು ಎಂದು ಓದಬಾರದು. 1929ರ ನಂತರ ಕೃಷಿ ಬೆಲೆಗಳು ನೆಲಕಚ್ಚಿದ್ದವು. ಚಾಲ್ತಿ ಬೆಲೆಯಲ್ಲಿ ಅಳೆದ ಆದಾಯ ಅದರ ಜೊತೆಗೇ ಇಳಿಯಿತು. ಹಳ್ಳಿ ಮತ್ತು ಪಟ್ಟಣಗಳ ಅಂತರವನ್ನೂ ಅವರು ಬೇರೆಯಾಗಿ ತೋರಿಸಿದರು. ಪಟ್ಟಣವಾಸಿಯ ಸರಾಸರಿ ಆದಾಯ ಹಳ್ಳಿಗನದಕ್ಕಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ತಮ್ಮ ಅಂದಾಜಿನಲ್ಲಿ ಎಷ್ಟು ತಪ್ಪು ಇರಬಹುದು ಎಂಬುದಕ್ಕೂ ಅವರು ಶೇಕಡಾವಾರು ಮಿತಿಯನ್ನು ಸೂಚಿಸಿದ್ದು ಆ ಕಾಲಕ್ಕೆ ವಿಶೇಷ. ಈ ಅಧ್ಯಯನಗಳು 1939 ಮತ್ತು 1940ರಲ್ಲಿ ಪುಸ್ತಕಗಳಾಗಿ ಹೊರಬಂದವು.

ಸ್ವಾತಂತ್ರ್ಯದ ಬಳಿಕ ಈ ಕೆಲಸ ಸರಕಾರದ ನಿತ್ಯದ ಹೊಣೆಯಾಯಿತು. 1949ರ ಆಗಸ್ಟಿನಲ್ಲಿ ಭಾರತ ಸರಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರು. ಅಮೆರಿಕದ ಸೈಮನ್ ಕುಜ್ನೆಟ್ಸ್, ಬ್ರಿಟನ್ನಿನ ರಿಚರ್ಡ್ ಸ್ಟೋನ್ ಮತ್ತು ವಿಶ್ವಸಂಸ್ಥೆಯ ಜೆ.ಬಿ.ಡಿ. ಡೆರ್ಕ್ಸೆನ್ ಸಲಹೆ ನೀಡಿದರು. ಸಮಿತಿಯ ಮೊದಲ ವರದಿ 1951ರಲ್ಲಿ, ಅಂತಿಮ ವರದಿ 1954ರಲ್ಲಿ ಬಂತು. ಕ್ಷೇತ್ರಕ್ಕೆ ತಕ್ಕಂತೆ ಉತ್ಪನ್ನ ಮತ್ತು ಆದಾಯ ವಿಧಾನಗಳನ್ನು ಬೆರೆಸುವ ರಾವ್ ಅವರ ದಾರಿಯನ್ನೇ ಸಮಿತಿಯೂ ಹಿಡಿಯಿತು. ಬಜೆಟ್ಟಿನ ಹೊತ್ತಿಗೆ ಇಂದು ನಾವು ಕೇಳುವ ಬೆಳವಣಿಗೆ ದರದ ಹಿಂದಿರುವ ಸರಕಾರಿ ಅಂಕಿಅಂಶ ವ್ಯವಸ್ಥೆ ಈ ಸಮಿತಿಯ ಕೆಲಸದಿಂದ ಬೆಳೆದದ್ದು.

ಆರ್ಥಿಕ ಸಿದ್ಧಾಂತ

ಸಿದ್ಧಾಂತದಲ್ಲಿ ರಾವ್ ಅವರ ಹೆಸರು ನಿಂತಿರುವುದು ಗುಣಕವನ್ನು ಕುರಿತ ವಾದದ ಮೇಲೆ. ಗುಣಕ ಎಂದರೆ, ಹೊಸ ಹೂಡಿಕೆಯೊಂದು ಒಟ್ಟು ಆದಾಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದರ ಅಳತೆ. ಕೇನ್ಸ್ ಅವರ ಪ್ರಕಾರ ಸರಕಾರ ರಸ್ತೆಗೆ ಹಣ ಹಾಕಿದರೆ ಅದು ಕೂಲಿಯವರ ಕೈಸೇರುತ್ತದೆ. ಅವರು ಬಟ್ಟೆ ಕೊಳ್ಳುತ್ತಾರೆ. ನಿಂತಿದ್ದ ಗಿರಣಿ ಮತ್ತೆ ಓಡುತ್ತದೆ. ಗಿರಣಿಯ ಕಾರ್ಮಿಕರು ಇನ್ನೇನನ್ನೋ ಕೊಳ್ಳುತ್ತಾರೆ. ಹೀಗೆ ಒಂದು ವೆಚ್ಚ ಹಲವು ಸುತ್ತಿನ ಆದಾಯವಾಗುತ್ತದೆ.

ಇದು ಭಾರತದಂಥ ದೇಶಕ್ಕೆ ಒಪ್ಪುವುದಿಲ್ಲ ಎಂದು ರಾವ್ 1952ರಲ್ಲಿ, ದೆಹಲಿ ಸ್ಕೂಲಿನ ನಿಯತಕಾಲಿಕವಾದ ಇಂಡಿಯನ್ ಇಕನಾಮಿಕ್ ರಿವ್ಯೂನಲ್ಲಿ ಬರೆದ ಲೇಖನದಲ್ಲಿ ವಾದಿಸಿದರು. ಬ್ರಿಟನ್ನಿನಲ್ಲಿ ಯಂತ್ರವೂ ಇತ್ತು, ಕಚ್ಚಾ ಸಾಮಗ್ರಿಯೂ ಇತ್ತು, ಕೂಲಿಗಾಗಿ ಕಾದು ನಿಂತ ನಿರುದ್ಯೋಗಿಯೂ ಇದ್ದ. ಕೊರತೆಯಿದ್ದದ್ದು ಬೇಡಿಕೆಗೆ ಮಾತ್ರ. ಭಾರತದಲ್ಲಿ ನಿರುದ್ಯೋಗ ಬಹುಮಟ್ಟಿಗೆ ಮರೆಮಾಚಿದ ನಿರುದ್ಯೋಗ. ಇಬ್ಬರು ಮಾಡಬಹುದಾದ ಹೊಲದ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಂಡು ಮಾಡುತ್ತಾರೆ. ಅವರು ತಮ್ಮನ್ನು ನಿರುದ್ಯೋಗಿಗಳೆಂದು ಎಣಿಸುವುದೂ ಇಲ್ಲ, ಚಾಲ್ತಿ ಕೂಲಿಗೆ ಹೊರಬರಲು ಸಿದ್ಧರೂ ಇರುವುದಿಲ್ಲ. ಬೇಡಿಕೆ ಏರಿದರೂ ಬೆಳೆ ಕೂಡಲೇ ಏರದು. ಅದಕ್ಕೆ ನೀರು, ಬೀಜ, ಸಾಲ, ಮಳೆ ಎಲ್ಲವೂ ಬೇಕು. ಕೈಗೆ ಹೆಚ್ಚು ಹಣ ಬಂದ ರೈತಕುಟುಂಬ ಮೊದಲು ತನ್ನ ಮನೆಯ ಊಟವನ್ನು ಹೆಚ್ಚಿಸಿಕೊಳ್ಳುತ್ತದೆ, ಮಾರುಕಟ್ಟೆಗೆ ಬರುವ ಧಾನ್ಯ ಕಡಿಮೆಯೇ ಆಗಬಹುದು. ಹೀಗಾಗಿ ಗುಣಕ ಹಣದ ಲೆಕ್ಕದಲ್ಲಿ ಕೆಲಸ ಮಾಡಿ ಬೆಲೆಯನ್ನು ಏರಿಸುತ್ತದೆ. ಉತ್ಪನ್ನದ ಲೆಕ್ಕದಲ್ಲಿ, ಉದ್ಯೋಗದ ಲೆಕ್ಕದಲ್ಲಿ ಕೆಲಸ ಮಾಡುವುದಿಲ್ಲ. ಬಡ ದೇಶ ಮುಂದೆ ಬರಬೇಕಾದರೆ ಹೆಚ್ಚು ದುಡಿಮೆ, ಹೆಚ್ಚು ಉಳಿತಾಯ ಎಂಬ ಹಳೆಯ ದಾರಿಯೇ ಗತಿ ಎಂಬುದು ಅವರ ತೀರ್ಮಾನ.

ಮೊದಲ ಪಂಚವಾರ್ಷಿಕ ಯೋಜನೆ ಆಗತಾನೇ ನಡೆಯುತ್ತಿದ್ದ ದಿನಗಳು ಅವು. ಖಜಾನೆಯಲ್ಲಿರುವುದಕ್ಕಿಂತ ಹೆಚ್ಚು ಖರ್ಚುಮಾಡಿ, ವ್ಯತ್ಯಾಸವನ್ನು ಹೊಸ ಹಣದಿಂದ ತುಂಬುವ ಕೊರತೆ ಹಣಕಾಸು ಎಷ್ಟು ದೂರ ಹೋಗಬಹುದು ಎಂಬುದು ಯೋಜನೆ ಮಾಡುವವರ ಮುಂದಿದ್ದ ಜೀವಂತ ಪ್ರಶ್ನೆಯಾಗಿತ್ತು. ರಾವ್ ಮರುವರ್ಷವೇ ಅದರ ಮೇಲೂ ಬರೆದರು. ಕೊರತೆ ಹಣಕಾಸನ್ನು ಅವರು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. ಅದು ಬೇಗ ಫಲಕೊಡುವ ಬಂಡವಾಳ ನಿರ್ಮಾಣಕ್ಕೆ ಹೋದರೆ ಅದರ ಪರಿಣಾಮ ಒಂದು ಬಗೆ, ಬರಿಯ ಬಳಕೆಗೆ ಹೋದರೆ ಇನ್ನೊಂದು ಬಗೆ ಎಂಬ ಭೇದವನ್ನು ಮುಂದಿಟ್ಟರು. ಭಾರತದ ವಿಶ್ವವಿದ್ಯಾನಿಲಯಗಳ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಕೇನ್ಸ್ ಅವರ ಗುಣಕದ ಪಾಠದ ಬೆನ್ನಿಗೇ ರಾವ್ ಅವರ ಆಕ್ಷೇಪ ಬರುವುದು ರೂಢಿಯಾಗಿದೆ.

ವಿಶ್ವಸಂಸ್ಥೆಯಲ್ಲಿ

ವಿಶ್ವಸಂಸ್ಥೆಯ ಆರಂಭದ ವರ್ಷಗಳಲ್ಲಿ ರಾವ್ ಅದರ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ವಿಶ್ವಬ್ಯಾಂಕ್ ಆಗ ಸಾಲ ಕೊಡುತ್ತಿದ್ದದ್ದು ಬಡ್ಡಿ ಸಹಿತ ಹಿಂದಿರುಗಿಸುವ ಶಕ್ತಿಯಿರುವ ಯೋಜನೆಗಳಿಗೆ. ಶಾಲೆ, ಆರೋಗ್ಯ, ನೀರಾವರಿ, ರಸ್ತೆ ಇವುಗಳಿಂದ ಲಾಭ ಬೇಗ ಬಾರದು. ಬಡ ದೇಶಗಳಿಗೆ ಮೊದಲು ಬೇಕಾದದ್ದೇ ಇವು. ಇಂಥ ಕೆಲಸಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಹಣ ಒದಗಿಸುವ ಸಂಸ್ಥೆಯೊಂದು ವಿಶ್ವಸಂಸ್ಥೆಯ ಅಡಿಯಲ್ಲಿಯೇ ಇರಬೇಕೆಂದು ರಾವ್ 1949ರಲ್ಲಿ ಸೂಚಿಸಿದರು.

ಹಣ ಕೊಡಬೇಕಾಗಿದ್ದ ಶ್ರೀಮಂತ ದೇಶಗಳಿಗೆ ಇದು ರುಚಿಸಲಿಲ್ಲ. ವಿಶ್ವಸಂಸ್ಥೆಯಲ್ಲಿ ಪ್ರತಿ ದೇಶಕ್ಕೂ ಒಂದೇ ಮತ. ವಿಶ್ವಬ್ಯಾಂಕಿನಲ್ಲಿ ಬಂಡವಾಳದ ಪ್ರಮಾಣಕ್ಕೆ ತಕ್ಕ ಮತ. ಪ್ರಸ್ತಾಪ ಹೆಸರು ಬದಲಿಸಿಕೊಳ್ಳುತ್ತ ದಶಕದುದ್ದಕ್ಕೂ ಚರ್ಚೆಯಲ್ಲಿ ಉಳಿದು, ಕೊನೆಗೆ ಎರಡಾಗಿ ಒಡೆಯಿತು. ಅಗ್ಗದ ಸಾಲ ನೀಡುವ ಕೆಲಸ 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಹುಟ್ಟಿದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘಕ್ಕೆ ಹೋಯಿತು. ತಾಂತ್ರಿಕ ನೆರವಿನ ಭಾಗ ವಿಶ್ವಸಂಸ್ಥೆಯ ವಿಶೇಷ ನಿಧಿಯಾಯಿತು. 1965ರ ತೀರ್ಮಾನದಂತೆ ಆ ನಿಧಿ ಇನ್ನೊಂದು ಕಾರ್ಯಕ್ರಮದೊಡನೆ ಸೇರಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾಗಿ ರೂಪುಗೊಂಡಿತು. ರಾವ್ ಕೇಳಿದ್ದು ಅವರು ಕೇಳಿದ ರೂಪದಲ್ಲಿ ದಕ್ಕಲಿಲ್ಲ. ಆದರೆ ಬಡ ದೇಶಗಳಿಗೆ ವ್ಯಾಪಾರಿ ಬಡ್ಡಿಯಿಲ್ಲದ ಹಣ ಸಿಗಬೇಕೆಂಬ ತತ್ತ್ವ ಅಂತಾರಾಷ್ಟ್ರೀಯ ವ್ಯವಹಾರದಲ್ಲಿ ಬೇರೂರಿತು.

ದೆಹಲಿಯ ಸಂಸ್ಥೆಗಳು

1949ರಲ್ಲಿ ರಾವ್ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸನ್ನು ಸ್ಥಾಪಿಸಿದರು. ಜವಾಹರಲಾಲ್ ನೆಹರೂ ಅದರ ಸಂಘದ ಅಧ್ಯಕ್ಷರಾಗಿ ಬೆಂಬಲವಾಗಿ ನಿಂತರು. ಅದರ ಗ್ರಂಥಾಲಯಕ್ಕೆ ರತನ್ ಟಾಟಾ ಅವರ ಹೆಸರಿದೆ. ಅರ್ಥಶಾಸ್ತ್ರವನ್ನು ಪಠ್ಯಪುಸ್ತಕದಿಂದ ಬಿಡಿಸಿ ಭಾರತದ ಅನುಭವದ ಮೇಲೆ ನಿಲ್ಲಿಸುವುದು, ಬೋಧನೆ ಮತ್ತು ಸಂಶೋಧನೆಗಳನ್ನು ಒಂದೇ ಚಾವಣಿಯಡಿ ತರುವುದು ಇದರ ಉದ್ದೇಶ. ವಿದೇಶದಲ್ಲಿ ಕಲಿತು ಬಂದ ಎಳೆಯ ವಿದ್ವಾಂಸರನ್ನು ಹುಡುಕಿ ಕರೆತರುವುದರಲ್ಲಿ ರಾವ್ ವಯಸ್ಸನ್ನಾಗಲಿ ಹಿರಿತನವನ್ನಾಗಲಿ ಲೆಕ್ಕಿಸುತ್ತಿರಲಿಲ್ಲ. ಕೆ.ಎನ್. ರಾಜ್ 1953ರಲ್ಲಿ ಸೇರಿದರು. ಮುಂದಿನ ದಶಕದಲ್ಲಿ ಜಗದೀಶ್ ಭಗವತಿ, ಸುಖಮಯ್ ಚಕ್ರವರ್ತಿ, ಅಮರ್ತ್ಯ ಸೇನ್ ಅಲ್ಲಿ ಪಾಠ ಹೇಳಿದರು. ಮನಮೋಹನ ಸಿಂಗ್ 1969ರಿಂದ 1971ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು.

1957ರಿಂದ 1960ರವರೆಗೆ ರಾವ್ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆ ಅವಧಿಯ ಒಂದು ತೀರ್ಮಾನ ಕನ್ನಡ ನಾಡಿನೊಂದಿಗೆ ಬೆಸೆದುಕೊಂಡಿದೆ. ಸಮಾಜಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಬೇಕೆಂದು ನಿರ್ಧರಿಸಿ, ಅದನ್ನು ಕಟ್ಟಲು ಅವರು ಮೈಸೂರಿನವರಾದ ಎಂ.ಎನ್. ಶ್ರೀನಿವಾಸ್ ಅವರನ್ನು ಆಹ್ವಾನಿಸಿದರು. 1959ರಲ್ಲಿ ಆರಂಭವಾದ ಆ ವಿಭಾಗ ದೇಶದ ಸಮಾಜಶಾಸ್ತ್ರ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಅರ್ಥಶಾಸ್ತ್ರ ಒಂಟಿಯಾಗಿ ಸಮಾಜವನ್ನು ಅರಿಯಲಾರದು ಎಂಬ ನಂಬಿಕೆ ರಾವ್ ಅವರಲ್ಲಿ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಅದು ಪೂರ್ಣ ರೂಪ ತಾಳಿತು.

ಬೋಧನೆಯ ಹೊರೆಯಿಲ್ಲದೆ ಸಂಶೋಧನೆಗೇ ಮೀಸಲಾದ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ 1958ರಲ್ಲಿ ಕೆಲಸ ಆರಂಭಿಸಿತು. ಕುಲಪತಿ ಹುದ್ದೆ ಬಿಟ್ಟ ಮೇಲೆ ರಾವ್ ಅದರ ನಿರ್ದೇಶಕರಾದರು. ದೆಹಲಿ ನಗರದ ಬೆಳವಣಿಗೆಯನ್ನು ಕುರಿತು ಪಿ.ಬಿ. ದೇಸಾಯಿ ಅವರೊಡನೆ, ವಿದೇಶಿ ನೆರವನ್ನು ಕುರಿತು ಧರ್ಮ ನಾರಾಯಣ್ ಅವರೊಡನೆ ಬರೆದ ಗ್ರಂಥಗಳು ಈ ಕಾಲದ ಫಲ.

ರಾಜಕೀಯ ಪ್ರವೇಶ

1963ರಲ್ಲಿ ರಾವ್ ಯೋಜನಾ ಆಯೋಗದ ಸದಸ್ಯರಾದರು, 1966ರವರೆಗೆ ಅಲ್ಲಿದ್ದರು. ಎರಡು ಯುದ್ಧಗಳು, ಸಾಲುಸಾಲು ಬರ, ನೆಹರೂ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರ ನಿಧನ, ರೂಪಾಯಿಯ ಅಪಮೌಲ್ಯ ಇವೆಲ್ಲ 1962–66ರ ನಡುವೆ ಘಟಿಸಿದವು. ನಾಲ್ಕನೆಯ ಯೋಜನೆ ಹೊತ್ತಿಗೆ ಸರಿಯಾಗಿ ಆರಂಭವಾಗದೆ 1969ಕ್ಕೆ ಮುಂದೆ ಹೋಯಿತು. ಸಲಹೆ ಕೊಡುವ ಸ್ಥಾನದಿಂದ ತೀರ್ಮಾನ ತೆಗೆದುಕೊಳ್ಳುವ ಸ್ಥಾನಕ್ಕೆ ರಾವ್ ಸರಿದದ್ದು ಇಂಥ ಬಿಕ್ಕಟ್ಟಿನ ಕಾಲದಲ್ಲಿ.

1967ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಮೈಸೂರು ರಾಜ್ಯದ ಬಳ್ಳಾರಿ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಬಳ್ಳಾರಿ 1953ರವರೆಗೆ ಮದರಾಸು ರಾಜ್ಯದಲ್ಲಿದ್ದ ಜಿಲ್ಲೆ. ಕನ್ನಡ, ತೆಲುಗು ಎರಡೂ ಬಳಕೆಯಲ್ಲಿರುವ ಗಡಿಸೀಮೆ. ತುಂಗಭದ್ರಾ ನೀರಾವರಿಯ ಹಸಿರು ಒಂದು ಕಡೆಯಾದರೆ ಮಳೆಯನ್ನೇ ನೆಚ್ಚಿದ ಬಯಲು ಇನ್ನೊಂದು ಕಡೆ, ನಡುವೆ ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳು. 1971ರಲ್ಲಿ ಅವರು ಅದೇ ಕ್ಷೇತ್ರದಿಂದ ಮತ್ತೆ ಆಯ್ಕೆಯಾದರು. ಐದನೆಯ ಲೋಕಸಭೆಯ ಅವಧಿ ತುರ್ತುಪರಿಸ್ಥಿತಿಯಲ್ಲಿ ವಿಸ್ತರಣೆಗೊಂಡದ್ದರಿಂದ ಅವರ ಸದಸ್ಯತ್ವ 1977ರವರೆಗೆ ನಡೆಯಿತು. ಈ ನಡುವೆ 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಗಿತ್ತು.

1969ರ ಕಾಂಗ್ರೆಸ್ ಒಡಕಿನಲ್ಲಿ ರಾವ್ ಇಂದಿರಾ ಗಾಂಧಿಯವರ ಸಂಪುಟದಲ್ಲೇ ಉಳಿದರು. ಇದನ್ನು ಮೈಸೂರು ರಾಜ್ಯದ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಎದುರು ಬಣದ ನಾಯಕ ಎಸ್. ನಿಜಲಿಂಗಪ್ಪ ಈ ರಾಜ್ಯದವರೇ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಜೊತೆಗಿದ್ದರು. ಆದರೂ 1971ರ ಚುನಾವಣೆಯಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು.

ಕೇಂದ್ರ ಸಚಿವರಾಗಿ

ರಾವ್ 1967ರ ಮಾರ್ಚಿನಿಂದ 1969ರ ಫೆಬ್ರವರಿಯವರೆಗೆ ಸಾರಿಗೆ ಮತ್ತು ನೌಕಾಯಾನ ಸಚಿವರಾಗಿದ್ದರು. ಅಲ್ಲಿಂದ 1971ರ ಮಾರ್ಚಿನವರೆಗೆ ಶಿಕ್ಷಣ ಮತ್ತು ಯುವಜನ ಸೇವೆಗಳ ಸಚಿವರು. ಹಣಕಾಸು ಖಾತೆ ಅವರಿಗೆ ಎಂದೂ ಬರಲಿಲ್ಲ. ಅವರ ಸಚಿವ ಜೀವನದ ಗುರುತುಗಳನ್ನು ಶಿಕ್ಷಣ ಖಾತೆಯಲ್ಲೇ ಹುಡುಕಬೇಕು.

ಇವುಗಳಲ್ಲಿ ಅತ್ಯಂತ ವ್ಯಾಪಕವಾದದ್ದು ರಾಷ್ಟ್ರೀಯ ಸೇವಾ ಯೋಜನೆ. ವಿದ್ಯಾರ್ಥಿಗಳು ಓದಿನ ಜೊತೆಗೆ ಸಮಾಜಸೇವೆ ಮಾಡಬೇಕೆಂಬ ವಿಚಾರ ಹೊಸದಲ್ಲ. ಸಿ.ಡಿ. ದೇಶಮುಖ್ ಸಮಿತಿ 1959ರಲ್ಲಿ ಇದನ್ನು ಪರಿಶೀಲಿಸಿತ್ತು, ಕೆ.ಜಿ. ಸೈಯದೈನ್ ಹಲವು ದೇಶಗಳ ಅನುಭವವನ್ನು ಅಧ್ಯಯನ ಮಾಡಿದ್ದರು; ಕೊಠಾರಿ ಆಯೋಗವೂ ಶಿಫಾರಸು ಮಾಡಿತ್ತು. ಕಾಗದದಲ್ಲಿದ್ದದ್ದನ್ನು ರಾವ್ ಕಾರ್ಯರೂಪಕ್ಕೆ ತಂದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ಅವರು ಯೋಜನೆಗೆ ಚಾಲನೆ ಕೊಟ್ಟರು. ಇಂದು ಅದರ ಸ್ವಯಂಸೇವಕರ ಸಂಖ್ಯೆ ಲಕ್ಷಗಳಲ್ಲಿದೆ. ಕರ್ನಾಟಕದ ಕಾಲೇಜುಗಳಲ್ಲಿ ಎನ್ನೆಸ್ಸೆಸ್ ಎಂದೇ ಕರೆಯುವ ಈ ಯೋಜನೆಯ ಶಿಬಿರ, ಶ್ರಮದಾನಗಳನ್ನು ಕಾಣದ ಹಳ್ಳಿ ಅಪರೂಪ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ.

ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ಸ್ಥಾಪನೆಯೂ 1969ರಲ್ಲೇ ಆಯಿತು. ವಿಜ್ಞಾನ ಸಂಶೋಧನೆಗೆ ಸರಕಾರದ ಹಣ ಹರಿಯುತ್ತಿದ್ದಾಗ ಸಮಾಜವಿಜ್ಞಾನಗಳಿಗೆ ಅಂಥ ಆಸರೆ ಇರಲಿಲ್ಲ. ಈ ಕೊರತೆಯನ್ನು ಪರಿಶೀಲಿಸಲು 1965ರಲ್ಲಿ ನೇಮಕವಾದ ಸಮಿತಿಗೆ ರಾವ್ ಅವರೇ ಅಧ್ಯಕ್ಷರಾಗಿದ್ದರು. ಮಂಡಳಿ ಬೇಕೆಂದು ಶಿಫಾರಸು ಮಾಡಿದ ವಿದ್ವಾಂಸನೇ ಶಿಕ್ಷಣ ಸಚಿವನಾಗಿ ಕುಳಿತಾಗ ಅದು ಅಸ್ತಿತ್ವಕ್ಕೆ ಬಂತು. ಡಿ.ಆರ್. ಗಾಡ್ಗೀಳ್ ಅದರ ಮೊದಲ ಅಧ್ಯಕ್ಷರು, ಜೆ.ಪಿ. ನಾಯಕ್ ಸದಸ್ಯ ಕಾರ್ಯದರ್ಶಿ.

ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರ ಜುಲೈ 17ರಂದು ಆರಂಭವಾದದ್ದೂ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಅದೇ ವರ್ಷ ಏಪ್ರಿಲಿನಲ್ಲಿ ಕಾರ್ಯಾರಂಭ ಮಾಡಿದ್ದೂ ಅವರ ಅವಧಿಯಲ್ಲೇ. ಇವೆಲ್ಲವನ್ನೂ ಅವರೊಬ್ಬರ ಹೆಸರಿಗೆ ಬರೆಯುವಂತಿಲ್ಲ. ನೆಹರೂ ವಿಶ್ವವಿದ್ಯಾನಿಲಯದ ಶಾಸನವನ್ನು ಸಂಸತ್ತು 1966ರಲ್ಲೇ ಅಂಗೀಕರಿಸಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯೂ ಅವರು ಬರುವ ಮುಂಚೆಯೇ, 1968ರಲ್ಲಿ, ಸಿದ್ಧವಾಗಿತ್ತು. ಭಾಷೆಯ ಪ್ರಶ್ನೆಯ ಬಗ್ಗೆ ಅವರ ಕಾಳಜಿ ಮಾತ್ರ ಖಾತೆಯೊಂದಿಗೆ ಮುಗಿಯಲಿಲ್ಲ. ಹಲವು ಭಾಷೆಗಳ ದೇಶ ಒಂದಾಗಿ ಬಾಳುವ ಬಗೆಯನ್ನು ಕುರಿತು ಅವರು 1979ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

1971ರ ಚುನಾವಣೆಯ ನಂತರ ರಚನೆಯಾದ ಸಂಪುಟದಲ್ಲಿ ರಾವ್ ಇರಲಿಲ್ಲ.

ಬೆಂಗಳೂರಿನ ಸಂಸ್ಥೆ

ಲೋಕಸಭಾ ಸದಸ್ಯರಾಗಿರುವಾಗಲೇ ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಅದರ ನಿರ್ದೇಶಕರಾದರು. ‘ಐಸೆಕ್’ ಎಂಬುದು ಅದರ ಬಳಕೆಯ ಹೆಸರು. ನಾಗರಭಾವಿಯಲ್ಲಿ ಅದರ ಆವರಣವಿದೆ. ಎಂ.ಎನ್. ಶ್ರೀನಿವಾಸ್ ದೆಹಲಿ ಬಿಟ್ಟು ಬಂದು ಜಂಟಿ ನಿರ್ದೇಶಕರಾಗಿ ಕೈಜೋಡಿಸಿದರು.

ದೆಹಲಿಯ ಎರಡು ಸಂಸ್ಥೆಗಳಿಗಿಂತ ಇದು ಭಿನ್ನ. ಅಲ್ಲಿ ಅರ್ಥಶಾಸ್ತ್ರ ಮುಂದೆ, ಉಳಿದವು ಅದರ ಪಕ್ಕದಲ್ಲಿ. ಇಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಜನಸಂಖ್ಯಾ ಅಧ್ಯಯನ, ಕೃಷಿ ಮತ್ತು ಗ್ರಾಮೀಣ ಪರಿವರ್ತನೆ ಒಂದೇ ಸಂಸ್ಥೆಯೊಳಗೆ ಸಮಸಮವಾಗಿ ನಿಂತವು. ಭೂಸುಧಾರಣೆಯಾದರೆ ಗೇಣಿಯ ಲೆಕ್ಕ ಅರ್ಥಶಾಸ್ತ್ರದ್ದು, ಊರಿನ ಜಾತಿ ಸಂಬಂಧ ಸಮಾಜಶಾಸ್ತ್ರದ್ದು, ಕಾನೂನು ಜಾರಿಯಾಗುವ ಬಗೆ ರಾಜ್ಯಶಾಸ್ತ್ರದ್ದು. ಮೂರನ್ನೂ ಒಟ್ಟಿಗೆ ನೋಡದೆ ಬದಲಾವಣೆ ಅರ್ಥವಾಗದು ಎಂಬುದು ಸಂಸ್ಥೆಯ ಮೂಲ ಪ್ರತಿಜ್ಞೆ. ದೇವರಾಜ ಅರಸರ ಸರಕಾರ ಇದೇ ಭೂಸುಧಾರಣೆಯನ್ನು ಕೈಗೆತ್ತಿಕೊಂಡಿದ್ದ ಎಪ್ಪತ್ತರ ದಶಕದ ಕರ್ನಾಟಕದಲ್ಲಿ ಇಂಥ ಅಧ್ಯಯನಕ್ಕೆ ವಿಷಯ ಕಣ್ಣೆದುರಿಗೇ ಇತ್ತು. ರಾವ್ 1977ರವರೆಗೆ ನಿರ್ದೇಶಕರಾಗಿದ್ದರು.

ಕೊನೆಯ ವರ್ಷಗಳು ಮತ್ತು ಬರಹಗಳು

ಅಧಿಕಾರದಿಂದ ದೂರವಾದ ಮೇಲೆ ರಾವ್ ಹೆಚ್ಚು ಬರೆದರು. 1982ರಲ್ಲಿ ಆಹಾರ, ಪೌಷ್ಟಿಕತೆ ಮತ್ತು ಬಡತನವನ್ನು ಕುರಿತ ಗ್ರಂಥ, 1983ರಲ್ಲಿ 1950ರಿಂದ 1980ರವರೆಗಿನ ರಾಷ್ಟ್ರೀಯ ಆದಾಯದ ವಿಶ್ಲೇಷಣೆ ಬಂದವು. ಎರಡನೆಯದು ಅವರು ತಮ್ಮ ಇಪ್ಪತ್ತರ ಹರೆಯದಲ್ಲಿ ಹಿಡಿದ ವಿಷಯದ ಮುಂದುವರಿಕೆ.

ಅವರ ಸಮಾಜವಾದಕ್ಕೆ ಎರಡು ಬೇರುಗಳಿದ್ದವು. ಯೋಜನೆ, ಸಾರ್ವಜನಿಕ ಹೂಡಿಕೆಗಳಲ್ಲಿ ಅವರು ನೆಹರೂ ಅವರ ಪರಂಪರೆಯವರು. ಆದರೆ ಮನುಷ್ಯನ ನಡತೆ, ಮೌಲ್ಯ ಬದಲಾಗದೆ ಆರ್ಥಿಕ ವ್ಯವಸ್ಥೆಯಷ್ಟೇ ಬದಲಾದರೆ ಸಾಲದೆಂಬ ವಿಚಾರದಲ್ಲಿ ಗಾಂಧಿ ಮತ್ತು ವಿವೇಕಾನಂದರ ಕಡೆಗೆ ವಾಲಿದರು. ವಿವೇಕಾನಂದರನ್ನು ವೇದಾಂತ ಸಮಾಜವಾದದ ಪ್ರವಾದಿಯೆಂದು ಕಂಡ ಅವರ ಪುಸ್ತಕ 1979ರಲ್ಲಿ ಭಾರತ ಸರಕಾರದ ಪ್ರಕಟಣಾ ವಿಭಾಗದಿಂದ ಬಂತು. ಶಿಕ್ಷಣವನ್ನು ಖರ್ಚಿನ ಬಾಬ್ತಾಗಿ ಕಾಣದೆ ಮಾನವ ಸಂಪನ್ಮೂಲದ ಹೂಡಿಕೆಯಾಗಿ ಕಾಣಬೇಕೆಂದು ಅವರು 1966ರ ಗ್ರಂಥವೊಂದರಲ್ಲೇ ವಾದಿಸಿದ್ದರು.

1991ರ ಜುಲೈ 25ರಂದು, 83ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಹಿಂದಿನ ದಿನವಷ್ಟೇ ಮನಮೋಹನ ಸಿಂಗ್ ಆರ್ಥಿಕ ಸುಧಾರಣೆಯ ಮೊದಲ ಬಜೆಟ್ ಮಂಡಿಸಿದ್ದರು.

ಅರ್ಥಶಾಸ್ತ್ರಜ್ಞ ಸಚಿವರ ಸಾಲಿನಲ್ಲಿ

ಸ್ವತಂತ್ರ ಭಾರತದಲ್ಲಿ ಅರ್ಥಶಾಸ್ತ್ರದಿಂದ ರಾಜಕೀಯಕ್ಕೆ ಬಂದವರು ಹಲವರಿದ್ದಾರೆ. ಜಾನ್ ಮಥಾಯಿ ಮತ್ತು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್ ಹಣಕಾಸು ಸಚಿವರಾದರು. ಅಶೋಕ್ ಮಿತ್ರ ಪಶ್ಚಿಮ ಬಂಗಾಳದ ಹಣಕಾಸು ಸಚಿವರಾಗಿದ್ದರು. ಮನಮೋಹನ ಸಿಂಗ್ ಹಣಕಾಸು ಸಚಿವರಾಗಿ, ಮುಂದೆ ಪ್ರಧಾನಿಯಾಗಿ ಈ ದಾರಿಯ ತುದಿಯನ್ನು ಮುಟ್ಟಿದರು. ಆದರೆ ಅವರು ಸಂಸತ್ತಿಗೆ ಬಂದದ್ದು ರಾಜ್ಯಸಭೆಯ ಮೂಲಕ; ಲೋಕಸಭೆಗೆ 1999ರಲ್ಲಿ ದಕ್ಷಿಣ ದೆಹಲಿಯಿಂದ ಸ್ಪರ್ಧಿಸಿ ಸೋತರು. ರಾವ್ ಅವರದು ಬೇರೆ ಬಗೆ. ಖಜಾನೆಯ ಕೀಲಿಕೈ ಅವರಿಗೆ ಸಿಗಲಿಲ್ಲ, ಆದರೆ ಎರಡು ಸಲ ಜನರ ನೇರ ಮತದಿಂದ ಆಯ್ಕೆಯಾದರು. ಅವರ ಅಧಿಕಾರಾವಧಿಯಿಂದ ಉಳಿದದ್ದು ಆರ್ಥಿಕ ನೀತಿಯಲ್ಲ, ಸಂಸ್ಥೆಗಳು. ರಾಜಕೀಯಕ್ಕೆ ಬರುವ ಮುಂಚೆ ಮಾಡುತ್ತಿದ್ದ ಕೆಲಸವನ್ನೇ ಅವರು ಸಚಿವರಾಗಿಯೂ ಮಾಡಿದರು ಎನ್ನುವುದು ನ್ಯಾಯವಾದ ಮಾತು.

ಇಂದಿನ ಸ್ಥಿತಿ

ರಾವ್ ಸ್ಥಾಪಿಸಿದ ಮೂರು ಸಂಸ್ಥೆಗಳೂ ನಡೆಯುತ್ತಿವೆ. ಬೆಂಗಳೂರಿನ ಸಂಸ್ಥೆಯ ಗ್ರಂಥಾಲಯಕ್ಕೂ ಪ್ರಾಧ್ಯಾಪಕ ಪೀಠವೊಂದಕ್ಕೂ ಅವರ ಹೆಸರಿದೆ. ಸಂಸ್ಥೆ ಡಾಕ್ಟರೇಟ್ ಸಂಶೋಧನೆಗೆ ಮಾರ್ಗದರ್ಶನ ನೀಡುತ್ತದೆ, ಕೇಂದ್ರ ಮತ್ತು ರಾಜ್ಯ ಸರಕಾರಗಳಿಗಾಗಿ ಅಧ್ಯಯನಗಳನ್ನು ನಡೆಸುತ್ತದೆ. ಸಮಾಜವಿಜ್ಞಾನದ ಎಳೆಯ ಸಂಶೋಧಕರಿಗಾಗಿ ವಿ.ಕೆ.ಆರ್.ವಿ. ರಾವ್ ಹೆಸರಿನ ಪ್ರಶಸ್ತಿಯಿದೆ. ಸೆಪ್ಟೆಂಬರ್ 24ನ್ನು ರಾಷ್ಟ್ರೀಯ ಸೇವಾ ಯೋಜನೆಯ ದಿನವೆಂದು ಕಾಲೇಜುಗಳು ಆಚರಿಸುತ್ತವೆ. ಸ್ವಾತಂತ್ರ್ಯಪೂರ್ವ ಭಾರತದ ಆದಾಯದ ಪೂರ್ಣ ಸರಣಿಯನ್ನು ಎಸ್. ಶಿವಸುಬ್ರಮಣಿಯನ್ ದೆಹಲಿ ಸ್ಕೂಲಿನಲ್ಲಿ 1965ರಲ್ಲಿ ಪೂರೈಸಿದ ಪ್ರಬಂಧದಲ್ಲಿ ಸಿದ್ಧಪಡಿಸಿದರು. ಆರ್ಥಿಕ ಇತಿಹಾಸಕಾರರು ಈಗ ಹೆಚ್ಚಾಗಿ ಬಳಸುವುದು ಆ ಸರಣಿಯನ್ನು. 1931–32ರ ಮಟ್ಟಿಗೆ ರಾವ್ ಅವರ ಅಂದಾಜನ್ನೂ ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ.